ಹಾಡಿಯ ಮಕ್ಕಳೂ ವಿದ್ಯೆಯ ಹಾದಿಯೂ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳ ಚರಿತ್ರೆಯಲ್ಲಿ, ನೆಲೆ ತಪ್ಪಿದ ಜನರನ್ನು ನಡೆಸಿಕೊಂಡ ಎರಡು ಬಗೆಗಳನ್ನು ನಾವು ಕಾಣುತ್ತೇವೆ.

ಕಾವೇರಿಯ ಪ್ರವಾಹದಿಂದ ಎಡತೊರೆಯ ನಿವಾಸಿಗಳು ಪದೇ ಪದೇ ನೊಂದಾಗ, ಸರ್ಕಾರವು 1930ರ ಆಸುಪಾಸಿನಲ್ಲಿ ಯೋಜನೆ ಹಾಕಿ ಹೊಸ ಪಟ್ಟಣವನ್ನೇ ಕಟ್ಟಿಸಿತು. ಅದೇ ಕೃಷ್ಣರಾಜನಗರ. ಕಾಡಿನ ಜೇನುಕುರುಬ, ಕಾಡುಕುರುಬ, ಯರವರಿಗೆ ಇಂಥ ಭಾಗ್ಯ ಒದಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1973ರಲ್ಲಿ ಬಂಡೀಪುರಕ್ಕೆ ಬಂದ ಹುಲಿ ಯೋಜನೆ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು, ಇವುಗಳ ಕಾಲದಲ್ಲಿ ಅನೇಕ ಹಾಡಿಗಳು ಕದಲಿದುವು. ಉಚ್ಚ ನ್ಯಾಯಾಲಯವು ನೇಮಿಸಿದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿಯು, ಪುನರ್ವಸತಿ ಪಡೆಯತಕ್ಕ 3,418 ಕುಟುಂಬಗಳನ್ನು 2014ರ ತನ್ನ ವರದಿಯಲ್ಲಿ ಗುರುತಿಸಿತು.

ಕಾಡು ತಪ್ಪಿದ ತಂದೆತಾಯಿಗಳು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗತೊಡಗಿದರು. ಮಗುವು ಅವರೊಡನೆ ಹೋಗಬೇಕು, ಇಲ್ಲವೆ ಮನೆಯಲ್ಲುಳಿದು ತಮ್ಮತಂಗಿಯರನ್ನು ನೋಡಿಕೊಳ್ಳಬೇಕು. ಹೀಗೆ ತರಗತಿಯಿಂದ ಜಾರಿದ ಮಗುವನ್ನು ಸೋಮಾರಿಯೆಂದು ಕರೆಯುವುದು ಸುಲಭ, ನ್ಯಾಯವಲ್ಲ.

ಮೈಸೂರು ಸಂಸ್ಥಾನವು 1913ರಲ್ಲಿಯೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿತ್ತೆಂಬುದು ನಮಗೆ ಅಭಿಮಾನದ ವಿಷಯ. ಗಿರಿಜನರಿಗಾಗಿ ತರುವಾಯ ಬಂದ ಆಶ್ರಮಶಾಲೆಗಳು ಅನ್ನ, ಬಟ್ಟೆ, ವಸತಿಗಳನ್ನೂ ಕೊಟ್ಟವು. ಆದರೆ ಮನೆಯಲ್ಲಿ ಜೇನುನುಡಿಯನ್ನಾಡುವ ಮಗುವಿಗೆ ಪಠ್ಯದ ಕನ್ನಡವೂ ಹೊಸದು, ಹಾಡಿಯನ್ನಗಲಿ ಮಲಗುವ ರಾತ್ರಿಯೂ ಹೊಸದು. ಕೇವಲ ಕಟ್ಟಡವು ಈ ಅಂತರವನ್ನು ತುಂಬಲಾರದು.

ಇದಕ್ಕೆ ಹೆಗ್ಗಡದೇವನಕೋಟೆಯಲ್ಲಿ ಒಂದು ನಿದರ್ಶನವುಂಟು. ವೈದ್ಯವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರೂ ಗೆಳೆಯರೂ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಆರಂಭಿಸಿದರು. ಅವರು ಕೆಲವು ವರ್ಷಗಳಲ್ಲಿ ಬ್ರಹ್ಮಗಿರಿಯ ಹಾಡಿಗೆ ಬಂದುದು ಔಷಧವನ್ನು ಹಿಡಿದು. ಔಷಧವೊಂದರಿಂದಲೇ ಆರೋಗ್ಯ ನಿಲ್ಲದೆಂದರಿತು, ಮುಂದೆ ದನದ ಕೊಟ್ಟಿಗೆಯಲ್ಲಿ ಮಕ್ಕಳಿಗೆ ಪಾಠವನ್ನು ತೊಡಗಿದರು. ಅದು ಹೊಸಹಳ್ಳಿಯ ಗಿರಿಜನ ಶಾಲೆಯಾಗಿ ಬೆಳೆಯಿತು. ಅಲ್ಲಿ ಚಿಕಿತ್ಸೆಯೂ ವಿದ್ಯೆಯೂ ಒಂದೇ ಕೆಲಸದ ಎರಡು ಕೈಗಳಾದುವು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಇಷ್ಟು. 2006ರ ಅರಣ್ಯ ಹಕ್ಕುಗಳ ಕಾಯಿದೆಯೂ 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಬೇರೆ ಬೇರೆ ಕಚೇರಿಗಳ ಕಡತಗಳಲ್ಲಿರಬಹುದು. ಅವುಗಳ ಫಲ ಸೇರಬೇಕಾದುದು ಒಂದೇ ಗುಡಿಸಲಿಗೆ. ತಂದೆಗೆ ನೆಲವೂ, ತಾಯಿಗೆ ಊರಲ್ಲೇ ಕೆಲಸವೂ, ಎಳೆಯ ಕೂಸಿಗೆ ಅಂಗನವಾಡಿಯೂ ದೊರೆತ ದಿನ ಹಿರಿಯ ಮಗಳು ಶಾಲೆಗೆ ಬರುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯನ್ನು ಬರೆಯುವ ಮುನ್ನ, ಅವಳ ಮನೆಯವರು ಇಂದು ಯಾವ ತೋಟದಲ್ಲಿದ್ದಾರೆಂದು ಕೇಳುವುದು ನಮ್ಮೆಲ್ಲರ ಕರ್ತವ್ಯ.