ಬಿದಿರು ಮರವೋ, ಹುಲ್ಲೋ?



ರಾಗಿ ಕೇರುವ ಮೊರ, ಗೊಬ್ಬರ ಹೊರುವ ಮಂಕರಿ, ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ ಇವೆಲ್ಲ ಮೇದರ ಕೈಕೆಲಸ. 12ನೇ ಶತಮಾನದ ಶರಣರಾದ ಮೇದರ ಕೇತಯ್ಯನವರ ಕಾಯಕವೂ ಇದೇ ಆಗಿತ್ತು. ಬಿದಿರು ಬೇರೆ, ಬೆತ್ತ ಬೇರೆ ಅಂತ ಮೇದರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿದಿರು ಹುಲ್ಲಿನ ಜಾತಿ, ಒಳಗೆ ಟೊಳ್ಳು. ಬೆತ್ತ ಈಚಲು, ತಾಳೆಯ ಬಳಗಕ್ಕೆ ಸೇರಿದ್ದು, ಕಾಡಿನಲ್ಲಿ ಮರ ಹತ್ತುವ ಮುಳ್ಳುಬಳ್ಳಿ, ಒಳಗೆ ಗಟ್ಟಿ.

ಆದರೆ 1927ರ ಭಾರತೀಯ ಅರಣ್ಯ ಕಾಯ್ದೆ ಇವೆರಡನ್ನೂ 'ಮರ' ಎಂದೇ ಬರೆಯಿತು! ಆ ಪಟ್ಟಿಯಿಂದ ಬಿದಿರು ಹೊರಬಂದದ್ದು 2017ರ ನವೆಂಬರ್ ಸುಗ್ರೀವಾಜ್ಞೆಯಿಂದ. ಅಂದರೆ 90 ವರ್ಷ. ಬೆತ್ತ ಮಾತ್ರ ಪಟ್ಟಿಯಲ್ಲೇ ಉಳಿಯಿತು.

ವಿದೇಶ ವ್ಯಾಪಾರದ ಪುಸ್ತಕ ಈ ವಿಷಯದಲ್ಲಿ ಸ್ವಲ್ಪ ವಾಸಿ. ಸರಕುಗಳಿಗೆಲ್ಲ ಒಂದೇ ಬಗೆಯ ಸಂಖ್ಯೆ ಕೊಡುವ ಒಪ್ಪಂದ 1983ರಲ್ಲಿ ಬ್ರಸೆಲ್ಸ್‌ನಲ್ಲಿ ಆಯಿತು, 1988ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ದೇಶ 1986ರಲ್ಲೇ ತನ್ನ ಸುಂಕದ ಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಂಡಿತ್ತು. ಅದರಲ್ಲಿ ಹೆಣೆಯುವ ಗಿಡಮೂಲದ ಸರಕಿಗೆ 1401 ಅಂತ ಸಂಖ್ಯೆ. ಬಿದಿರಿಗೆ 140110, ಬೆತ್ತಕ್ಕೆ 140120. ಕೆರೆಯ ಜೊಂಡು ಮುಂತಾದವು 140190, ಅಂದರೆ 'ಇತರೆ'. ನಮ್ಮ ಕಡೆ ಚಾಪೆಯಾಗುತ್ತಿದ್ದ ಜೊಂಡಿಗೆ ಸ್ವಂತ ಸಂಖ್ಯೆಯ ಭಾಗ್ಯ ಇಲ್ಲ, ಇರಲಿ.

ಬಿದಿರನ್ನು ಸೀಳಿರಲಿ, ಬಣ್ಣ ಹಾಕಿರಲಿ, ಪಾಲಿಶ್ ಮಾಡಿರಲಿ, ಅದು 14ನೇ ಅಧ್ಯಾಯವೇ. ಹೆಣೆದು ಬುಟ್ಟಿ ಮಾಡಿದರೆ 46ಕ್ಕೆ ಹೋಗುತ್ತದೆ, ಕುರ್ಚಿ ಮಾಡಿದರೆ 94ಕ್ಕೆ. ಬುಟ್ಟಿಯಲ್ಲಿ ಬಿದಿರಿನದು, ಬೆತ್ತದ್ದು ಅಂತ ಬೇರೆ ಬೇರೆ ಸಂಖ್ಯೆ ಬಂದದ್ದು 2007ರಲ್ಲಿ. ಕುರ್ಚಿಗೆ 2017ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಎರಡೂ ಒಂದೇ ಲೆಕ್ಕದಲ್ಲಿ ಹೋಗುತ್ತಿದ್ದವು. ಬಿದಿರಿನ ಕುರ್ಚಿ ಎಷ್ಟು, ಬೆತ್ತದ ಕುರ್ಚಿ ಎಷ್ಟು ಮಾರಾಟವಾಯಿತು ಅಂತ ಆ ಲೆಕ್ಕದಿಂದ ತಿಳಿಯುವ ಹಾಗಿರಲಿಲ್ಲ.

ಇದರಿಂದ ನಮಗೇನು ಅಂತ ಕೇಳುವವರಿಗೆ ಊದುಬತ್ತಿ ತೋರಿಸುತ್ತೇನೆ. ಬೆಂಗಳೂರು ಊದುಬತ್ತಿಗೆ ಹೆಸರಾದ ಊರು. ಮನೆಯಲ್ಲೇ ಕೂತು ಬತ್ತಿ ಹೊಸೆದು ಸಂಸಾರ ನಡೆಸಿದ ಹೆಣ್ಣುಮಕ್ಕಳು ಎಷ್ಟೋ ಜನ. ಬತ್ತಿಯೊಳಗಿನ ಬಿದಿರು ಕಡ್ಡಿ ಚೀನಾ, ವಿಯೆಟ್ನಾಂಗಳಿಂದ ಹಡಗಿನಲ್ಲಿ ಬರತೊಡಗಿತ್ತು. 140110ರ ಕೆಳಗೆ ಊದುಬತ್ತಿಗೆಂದು ತರುವ ಬಿದಿರಿಗೆ ಶೇ. 10 ಸುಂಕ, ಉಳಿದ ಬಿದಿರಿಗೆ ಶೇ. 25 ಇತ್ತು. 2020ರ ಜೂನ್‌ನಲ್ಲಿ ಸರ್ಕಾರ ಈ ಭೇದ ತೆಗೆದು ಎಲ್ಲಕ್ಕೂ ಶೇ. 25 ಮಾಡಿತು. ಬಿದಿರು ಬೆಳೆಯುವ ರೈತನಿಗೂ ಕಡ್ಡಿ ಸೀಳುವವನಿಗೂ ಒಳ್ಳೆಯದಾಗಲಿ ಅಂತ. ನಾನು ರೈತ, ಅದನ್ನು ಒಪ್ಪುತ್ತೇನೆ. ಆದರೆ ಹೊರಗಿನ ಕಡ್ಡಿಯನ್ನೇ ನಂಬಿದ್ದ ಬತ್ತಿ ತಯಾರಕರಿಗೆ ಸುಂಕ ಒಂದೇ ಸಲಕ್ಕೆ ಎರಡೂವರೆ ಪಟ್ಟಾಯಿತು.