ಹತ್ತು ಸಾವಿರದೊಳಗಿನ ಕ್ಯಾಮೆರಾ: ಒಂದು ಸಣ್ಣ ಇತಿಹಾಸ



ಖಾನಾಪುರದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಈಚೆಗೆ ದೂರವಾಣಿಯಲ್ಲಿ ಕೇಳಿದರು: “ಸರ್, ಹತ್ತು ಸಾವಿರ ರೂಪಾಯಿಯೊಳಗೆ ಒಂದು ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಯಾವುದನ್ನು ಆರಿಸಲಿ?” ಇತಿಹಾಸದ ಮೇಷ್ಟ್ರನ್ನು ಕೇಳಿದ ಮೇಲೆ ಉತ್ತರವು 1839ರಿಂದ ಆರಂಭವಾಗುವುದನ್ನು ಸಹಿಸಿಕೊಳ್ಳಲೇಬೇಕು. ಆಕೆಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ನಿಮಗೂ ಹೇಳುತ್ತಿದ್ದೇನೆ.

ನಮ್ಮ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಕಿತ್ತೂರು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಛಾಯಾಚಿತ್ರಕಲೆಯ ರಹಸ್ಯವನ್ನು ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಬಿಚ್ಚಿ ಹೇಳಿದ್ದು 1839ರ ಆಗಸ್ಟ್ 19ರಂದು. ಎಂಟೇ ವರ್ಷಗಳ ಅಂತರದಲ್ಲಿ ರಾಯಣ್ಣನ ಮುಖ ನಮ್ಮ ಕೈತಪ್ಪಿಹೋಯಿತು. ಇಂದು ಶಾಲೆಗಳ ಗೋಡೆಯ ಮೇಲೆ ನಾವು ಹಾರ ಹಾಕುವ ಚಿತ್ರಗಳೆಲ್ಲ ಕಲಾವಿದರ ಕಲ್ಪನೆ. ತರಗತಿಯಲ್ಲಿ ಈ ಮಾತು ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ನೋಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ನಮ್ಮ ಸೀಮೆಗೆ ಕ್ಯಾಮೆರಾ ಬಂದದ್ದು ಸರ್ಕಾರದ ಖರ್ಚಿನಲ್ಲಿ. 1850ರ ದಶಕದಲ್ಲಿ ಮುಂಬಯಿ ಪ್ರಾಂತ್ಯದ ಸರ್ಕಾರವು ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್, ಅವರ ನಂತರ ವೈದ್ಯ ಪಿಗೂ ಇವರನ್ನು ಕಳುಹಿಸಿ ಬಿಜಾಪುರ, ಧಾರವಾಡ ಭಾಗದ ಗುಡಿಗೋಪುರಗಳ ಛಾಯಾಚಿತ್ರಗಳನ್ನು ತೆಗೆಸಿತು. ಧಾರವಾಡ ಮತ್ತು ಮೈಸೂರು ಪ್ರದೇಶಗಳ ವಾಸ್ತುಶಿಲ್ಪದ ಬಗೆಗಿನ ದೊಡ್ಡ ಗ್ರಂಥದಲ್ಲಿ ಅವುಗಳಲ್ಲಿ ಹಲವು 1866ರಲ್ಲಿ ಲಂಡನ್ನಿನಿಂದ ಪ್ರಕಟವಾದವು. ಆ ಕಾಲದ ಸಲಕರಣೆಗೆ ಬೆಳಕು ಬಹಳ ಹೊತ್ತು ಬೀಳಬೇಕಾಗಿತ್ತು. ಕಲ್ಲಿನ ಗುಡಿ ಅಲುಗದೆ ನಿಲ್ಲುತ್ತದೆ. ಅದರ ಮುಂದೆ ನೀರು ಹೊತ್ತು ನಡೆದ ಹೆಂಗಸು ನಿಲ್ಲುವುದಿಲ್ಲ. ಹೀಗಾಗಿ ನಮ್ಮಲ್ಲಿ ಮೊದಲು ಉಳಿದದ್ದು ಕಲ್ಲಿನ ಚಿತ್ರ, ಮನುಷ್ಯರದು ಆಮೇಲೆ.

ಸಾಮಾನ್ಯರ ಕೈಗೆ ಕ್ಯಾಮೆರಾ ಕೊಟ್ಟವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. ಅವನ 1888ರ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. ಅದರಲ್ಲಿ ನೂರು ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ 10 ಡಾಲರಿಗೆ ಚಿತ್ರಗಳನ್ನು ತೊಳೆದು, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಬಂದ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆ ಕ್ಯಾಮೆರಾದ ಬೆಲೆ ಒಂದೇ ಡಾಲರ್, ಸುರುಳಿಗೆ 15 ಸೆಂಟ್. ಏಳು ಸುರುಳಿ ಕೊಂಡರೆ ಕ್ಯಾಮೆರಾದ ಬೆಲೆ ದಾಟಿಹೋಯಿತು. ಈ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ. ಅಗ್ಗದ ಕ್ಯಾಮೆರಾ ಖರ್ಚನ್ನು ಇಲ್ಲವಾಗಿಸುವುದಿಲ್ಲ, ಬೇರೆ ಕಡೆಗೆ ಸರಿಸುತ್ತದೆ. ಅದು ಎಲ್ಲಿಗೆ ಸರಿಯಿತೆಂದು ತಿಳಿಯುವುದೇ ಕೊಳ್ಳುವವನ ಜಾಣತನ.

ನಮ್ಮ ದೇಶದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಬಂದ ಬ್ರೌನಿಯೆಂದರೆ ಬರೋಡಾದಲ್ಲಿ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಆಗ್ಫಾ ಕ್ಲಿಕ್ 3. ಬಿಸಿಲು, ಮೋಡ ಎಂಬ ಗುರುತುಗಳನ್ನು ನೋಡಿ ತಿರುಗಿಸಿದರೆ ಅರ್ಧ ಕೆಲಸ ಮುಗಿಯಿತು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಕಪ್ಪುಬಿಳುಪಿನ ಫಿಲ್ಮನ್ನು ದೇಶದಲ್ಲೇ ಮಾಡಲೆಂದು 1960ರಲ್ಲಿ ಊಟಿಯಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾಯಿತು; ಅದರ ‘ಇಂದು’ ಹೆಸರಿನ ಫಿಲ್ಮು ಹಲವು ವರ್ಷ ಅಂಗಡಿಗಳಲ್ಲಿತ್ತು. ಮಲೆನಾಡಿನ ಅಂಚಿನ ಖಾನಾಪುರದವರಿಗೆ ಹನ್ನೆರಡು ಚಿತ್ರ ಮುಗಿಯಲು ಒಂದು ಮದುವೆ, ಒಂದು ಗಣೇಶ ಚತುರ್ಥಿ, ಒಂದು ಯಲ್ಲಮ್ಮನ ಯಾತ್ರೆ ಬೇಕಾಗುತ್ತಿತ್ತು. ಬಳಿಕ ರೀಲನ್ನು ತೊಳೆಸಲು ಬೆಳಗಾವಿಗೆ ಪಯಣ, ವಾರ ಬಿಟ್ಟು ಪ್ರತಿ ತರಲು ಇನ್ನೊಂದು ಪಯಣ.

ಒಂದೊಂದು ಗುಂಡಿಯೊತ್ತಿಗೂ ಹಣ ತೆರಬೇಕಾದಾಗ ಯಾರ ಚಿತ್ರ ತೆಗೆಯಬೇಕು ಎಂಬುದನ್ನು ಹಣವೇ ನಿರ್ಧರಿಸುತ್ತದೆ. ನಿಮ್ಮ ಮನೆಯ ಹಳೆಯ ಆಲ್ಬಮ್ ತೆರೆದು ನೋಡಿ. ವರನಿದ್ದಾನೆ, ವಧುವಿದ್ದಾಳೆ, ಊರ ಗಣ್ಯರಿದ್ದಾರೆ. ಅಡುಗೆಮನೆಯಲ್ಲಿ ಹೊಗೆಯ ನಡುವೆ ನಿಂತವಳ ಚಿತ್ರ ಎಷ್ಟಿವೆ? ಶಾಲೆಯ ವಾರ್ಷಿಕ ಗುಂಪುಚಿತ್ರದಲ್ಲಿ ಎಲ್ಲ ಮಕ್ಕಳೂ ನಿಲ್ಲುತ್ತಿದ್ದರು, ಆದರೆ ಪ್ರತಿಗೆ ಹಣ ಕೊಡಲಾಗದವರು ತಮ್ಮದೇ ಮುಖವಿರುವ ಚಿತ್ರವನ್ನು ಗೆಳೆಯನ ಮನೆಗೆ ಹೋಗಿ ನೋಡಬೇಕಾಗಿತ್ತು. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿಯ ತಾಯಿಯದು ಮದುವೆಯಲ್ಲಿ ತೆಗೆಸಿದ ಒಂದೇ ಹಳೆಯ ಚಿತ್ರವಿದೆಯಂತೆ, ಅದೂ ಮಳೆಗಾಲದ ತೇವಕ್ಕೆ ಕಲೆಬಿದ್ದಿದೆ.

ಡಿಜಿಟಲ್ ಕ್ಯಾಮೆರಾ ಮುರಿದದ್ದು ಈ ಲೆಕ್ಕವನ್ನೇ. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವ್ ಸ್ಯಾಸನ್ ಎಂಬ ಯುವ ಇಂಜಿನಿಯರ್ ರಚಿಸಿದ ಮೊದಲ ಮಾದರಿ ಸುಮಾರು 3.6 ಕಿಲೋ ತೂಗುತ್ತಿತ್ತು. ಹತ್ತು ಸಾವಿರ ಚುಕ್ಕೆಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಫಿಲ್ಮಿನ ಲಾಭದಲ್ಲೇ ಬೆಳೆದಿದ್ದ ಅದೇ ಕೊಡಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ನ್ಯಾಯಾಲಯದ ಮೊರೆಹೋಯಿತು.

2006ರಲ್ಲಿ ನಾನು ನನ್ನ ಮೊದಲ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೊರಟಾಗ ಅಂಗಡಿಯವರೆಲ್ಲ ಮೆಗಾಪಿಕ್ಸೆಲ್ ಮಂತ್ರವನ್ನೇ ಜಪಿಸುತ್ತಿದ್ದರು. ನಾನು ಕರಿಹಲಗೆಯ ಲೆಕ್ಕ ಮಾಡಿದೆ. ಸಾಮಾನ್ಯ ಪ್ರತಿ 4 ಇಂಚು, 6 ಇಂಚು. ಅಂಗುಲಕ್ಕೆ 300 ಚುಕ್ಕೆ ಎಂದರೆ 1200ನ್ನು 1800ರಿಂದ ಗುಣಿಸಿ 21,60,000; ಎರಡು ಮೆಗಾಪಿಕ್ಸೆಲ್ ಸಾಕು. ನಾಲ್ಕು ಮೆಗಾಪಿಕ್ಸೆಲ್ಲಿನ ಕ್ಯಾನನ್ ಪವರ್‌ಶಾಟ್ ಎ520 ಕೊಂಡೆ. ಕಾರಣಗಳು ಎರಡು. ಅದು ಎರಡು ಪೆನ್‌ಸೆಲ್ಲುಗಳಲ್ಲಿ ನಡೆಯುತ್ತಿತ್ತು. ಕರೆಂಟು ಹೋದ ಊರಿನ ಕಿರಾಣಿ ಅಂಗಡಿಯಲ್ಲೂ ಸೆಲ್ಲು ಸಿಗುತ್ತದೆ. ಎರಡನೆಯದು, ಅದು ಎಸ್‌ಡಿ ಕಾರ್ಡನ್ನು ಬಳಸುತ್ತಿತ್ತು. ಆಗ ಸೋನಿಯವರದು ಮೆಮೊರಿ ಸ್ಟಿಕ್, ಒಲಿಂಪಸ್ ಮತ್ತು ಫ್ಯೂಜಿಯವರದು ಎಕ್ಸ್‌ಡಿ. ಎಕ್ಸ್‌ಡಿ ಕಾರ್ಡಿನ ಕಾಲ ಎಂದೋ ಮುಗಿಯಿತು. ಎಸ್‌ಡಿ ಇಂದಿಗೂ ಎಲ್ಲೆಡೆ ದೊರೆಯುತ್ತದೆ.

ಇನ್ನು ಇಂದಿನ ಮಾತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋಗಿದ್ದವು; 2023ರಲ್ಲಿ ಆ ಸಂಖ್ಯೆ 80 ಲಕ್ಷಕ್ಕೂ ಕಡಿಮೆ. ಮೊಬೈಲು ಉಳಿದುದನ್ನು ನುಂಗಿತು. ಆದ್ದರಿಂದ ಹತ್ತು ಸಾವಿರದೊಳಗೆ ಹೆಸರಾಂತ ಕಂಪನಿಯ ಹೊಸ ಕ್ಯಾಮೆರಾ ಹುಡುಕುವುದಕ್ಕಿಂತ ಚೆನ್ನಾಗಿ ಇಟ್ಟುಕೊಂಡ ಹಳೆಯದನ್ನು ನೋಡುವುದು ಲೇಸು. ಮಸೂರವನ್ನು ಬೆಳಕಿಗೆ ಹಿಡಿದು ಒಳಗೆ ಜೇಡರಬಲೆಯಂತಹ ಬೂಷ್ಟು ಇದೆಯೇ ಎಂದು ಪರೀಕ್ಷಿಸಿ. ನಮ್ಮ ಕಡೆಯ ಮಳೆಗಾಲದಲ್ಲಿ ಅದು ಸಾಮಾನ್ಯ ರೋಗ. ಬ್ಯಾಟರಿಯೂ ಕಾರ್ಡೂ ಇಂದಿಗೂ ಸಿಗುವಂಥವೇ ಎಂದು ವಿಚಾರಿಸಿ. ಜೂಮ್ ಎಂದರೆ ಮಸೂರ ಚಲಿಸುವ ಆಪ್ಟಿಕಲ್ ಜೂಮ್ ಮಾತ್ರ; ಡಿಜಿಟಲ್ ಜೂಮ್ ಎಂಬುದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಉಪಾಯ. ಭೀಮಗಡದ ಕಾಡಿನ ಹಕ್ಕಿಯನ್ನು ಹಿಡಿಯಬೇಕೆಂದರೆ ಅಂತಹ ಕ್ಯಾಮೆರಾ ಬೇಕು. ತಾಯಿಯ ಮುಖವನ್ನು ಹಿಡಿಯುವುದೇ ಉದ್ದೇಶವಾದರೆ ಕೈಯಲ್ಲಿರುವ ಮೊಬೈಲು ಸಾಕು. ಅವರನ್ನು ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕೂರಿಸಿ, ಇಂದೇ ತೆಗೆಯಿರಿ ಎಂದು ಆಕೆಗೆ ಹೇಳಿದೆ.

ಉಳಿದ ಹಣವನ್ನು ಎಲ್ಲಿ ಹಾಕಬೇಕು? ಖರ್ಚು ಈಗ ಸರಿದಿರುವ ಕಡೆಗೆ. ಗಾಜಿನಿಂದ ರೀಲಿಗೆ ಸರಿದದ್ದು ಇಂದು ಕಾಪಿಡುವ ಕೆಲಸಕ್ಕೆ ಬಂದು ನಿಂತಿದೆ. ತೆಗೆಯುವುದು ಬಿಟ್ಟಿಯಾದ ಮೇಲೆ ಸಾವಿರಾರು ಚಿತ್ರ ತೆಗೆದು, ಮೊಬೈಲು ನೀರಿಗೆ ಬಿದ್ದಾಗ ಅಥವಾ ಕಂಪ್ಯೂಟರಿನ ಡಿಸ್ಕ್ ಕೆಟ್ಟಾಗ ಒಂದೂ ಉಳಿಯದೆ ಕುಳಿತವರನ್ನು ನಾನು ಕಂಡಿದ್ದೇನೆ. ಒಂದೇ ಚಿತ್ರವಿದ್ದ ಕಾಲದಲ್ಲಿ ಅದನ್ನು ದೇವರ ಪಟದ ಪಕ್ಕ ಇಡುತ್ತಿದ್ದರು. ನೀವು ವರ್ಷಕ್ಕೆ ಇಪ್ಪತ್ತು ಚಿತ್ರಗಳನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿ. ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆಯಿರಿ. ಕಡತಗಳ ಒಂದು ಪ್ರತಿ ಬೇರೆ ಊರಿನ ಬಂಧುಗಳಲ್ಲಿ ಇರಲಿ. ಹೆಸರಿಲ್ಲದ ಚಿತ್ರ ಎರಡು ತಲೆಮಾರು ಕಳೆದರೆ ಯಾರೋ ಒಬ್ಬರ ಚಿತ್ರವಾಗುತ್ತದೆ. ಗೋಡೆಯ ಮೇಲಿನ ರಾಯಣ್ಣನಿಗೆ ಹೆಸರಿದೆ, ಮುಖವಿಲ್ಲ. ನಮ್ಮ ಮನೆಯವರಿಗೆ ಎರಡನ್ನೂ ಉಳಿಸಿಕೊಡುವ ಅನುಕೂಲ ನಮ್ಮ ಕಾಲಕ್ಕೆ ದೊರೆತಿದೆ.