ಚಂಡಮಾರುತ ಕಾಣದ ಕಡಲಿನಲ್ಲಿ ಚಂಡಮಾರುತ



"ನಮ್ಮಜ್ಜನ ಕಾಲದಿಂದ ಅದು ಇಲ್ಲಿಗೆ ಬಂದಿಲ್ಲ, ಇನ್ನು ಬರೋದೂ ಇಲ್ಲ" ಎಂಬ ಮಾತನ್ನು ಹಳ್ಳಿಗಳಲ್ಲಿ ಆಗಾಗ ಕೇಳುತ್ತೇವೆ. ಪೈರಿನ ರೋಗಕ್ಕೂ ಇದೇ ಮಾತು, ಹೊಳೆಯ ನೆರೆಗೂ ಇದೇ ಮಾತು. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದಲ್ಲಿ ಚಂಡಮಾರುತದ ವಿಷಯವಾಗಿಯೂ ಜನ ಹೀಗೇ ನಂಬಿದ್ದರು. 2004ನೇ ಇಸವಿಯ ಮಾರ್ಚಿಯಲ್ಲಿ ಆ ನಂಬಿಕೆ ಏನಾಯಿತು ಎಂಬುದೇ ಈ ದಿನದ ವಿಚಾರ.

ಮೊದಲು, ಚಂಡಮಾರುತ ಹುಟ್ಟುವುದು ಹೇಗೆ? ಬೀಜ ಒಂದಿದ್ದರೆ ಪೈರು ಬಂದೀತೆ? ಹದವೂ ಬೇಕು, ಹವೆಯೂ ಬೇಕು. ಚಂಡಮಾರುತವೂ ಹಾಗೆಯೇ. ಕಡಲಿನ ಮೇಲೆ ವಾಯುಭಾರ ಕುಸಿದ ಒಂದು ಜಾಗ, ಅದೇ ಬೀಜ. ಅದು ಬೆಳೆಯಲು ಮುಖ್ಯವಾಗಿ ಮೂರು ಅನುಕೂಲ ಬೇಕು. ಒಂದು, ಕಡಲ ನೀರು ಸಾಮಾನ್ಯವಾಗಿ 26 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೆಚ್ಚಗಿರಬೇಕು; ಆ ನೀರಿನ ಆವಿಯೇ ಅದಕ್ಕೆ ಆಹಾರ. ಎರಡು, ಭೂಮಿಯ ತಿರುಗಾಟದಿಂದ ಗಾಳಿಗೆ ಸುತ್ತು ಸಿಗಬೇಕು. ಭೂಮಧ್ಯರೇಖೆಯ ಹತ್ತಿರ ಈ ಸುತ್ತು ಬಹಳ ಕಡಿಮೆ. ಮೂರು, ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಹೆಚ್ಚು ಎಳೆದಾಟ ಇರಬಾರದು. ಒಲೆಯ ಹೊಗೆಯನ್ನೇ ನೋಡಿ. ಗಾಳಿ ಇಲ್ಲದ ದಿನ ನೆಟ್ಟಗೆ ಮೇಲೇಳುತ್ತದೆ, ಗಾಳಿ ಬೀಸಿದರೆ ಚದುರಿಹೋಗುತ್ತದೆ. ಚಂಡಮಾರುತದ ಮೋಡವೂ ಹಾಗೆಯೇ.

ಬ್ರೆಜಿಲಿನ ಪೂರ್ವಕ್ಕಿರುವ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಈ ಮೂರೂ ಕೂಡಿಬರುವುದು ಅಪರೂಪ. ನೀರು ಸಾಕಷ್ಟು ಬಿಸಿಯಿರುವುದಿಲ್ಲ, ಮೇಲಿನ ಗಾಳಿಯ ಎಳೆತವೂ ಜಾಸ್ತಿ. ಹವಾಮಾನ ನೋಡುವ ಮೊದಲ ಉಪಗ್ರಹ 1960ರಲ್ಲಿ ಮೇಲೇರಿತು. ಅಲ್ಲಿಂದ 40 ವರ್ಷಕ್ಕೂ ಮೀರಿ ಆ ಕಡಲಿನಲ್ಲಿ ಪೂರ್ಣ ಬಲದ ಚಂಡಮಾರುತ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ.

2004ರ ಮಾರ್ಚಿಯಲ್ಲಿ ಅಲ್ಲಿ ಒಂದು ಸಾಮಾನ್ಯ ವಾಯುಭಾರ ಕುಸಿತ ಕರಾವಳಿ ಬಿಟ್ಟು ಪೂರ್ವಕ್ಕೆ ಹೊರಟಿತು. ಎಂದಿನಂತೆ ದೂರ ಸಾಗಿ ಕರಗಬೇಕಾಗಿತ್ತು. ಆದರೆ ದಕ್ಷಿಣದಲ್ಲಿ ಹೆಚ್ಚಿನ ವಾಯುಭಾರದ ಪ್ರದೇಶವೊಂದು ಅಡ್ಡಗಟ್ಟಿ ನಿಂತಿತು. ಕುಸಿತ ನಡುಗಡಲಿನಲ್ಲಿ ತಡೆದು ನಿಂತು, ಹಿಂದಿರುಗಿ ಪಶ್ಚಿಮಕ್ಕೆ ನೆಲದ ಕಡೆ ತಿರುಗಿತು. ಇದೇ ಸಮಯಕ್ಕೆ ಮೇಲಿನ ಗಾಳಿಯ ಎಳೆತ ತಗ್ಗಿತು. ನೀರಿನ ಬಿಸಿ 24ರಿಂದ 26 ಡಿಗ್ರಿಯಷ್ಟೇ ಇದ್ದರೂ, ಮೇಲಿನ ಹವೆ ಅದಕ್ಕಿಂತ ಬಹಳ ತಣ್ಣಗಿದ್ದುದರಿಂದ ಕೆಳಗಿನ ಆವಿ ಜೋರಾಗಿ ಮೇಲೇರಿತು. ನಡುವೆ ಕಣ್ಣು ಮೂಡಿತು. ಉಪಗ್ರಹದ ಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಂಡಿತು.

ಆಗ ತಜ್ಞರಲ್ಲೇ ಜಗ್ಗಾಟ ನಡೆಯಿತು. ಇದು ಚಂಡಮಾರುತವೇ ಎಂದು ಕೆಲವರು, ಈ ಕಡಲಿನಲ್ಲಿ ಅದು ಹೇಗೆ ಸಾಧ್ಯ ಎಂದು ಕೆಲವರು. ಹೆಸರು ಏನೇ ಇರಲಿ, ಗಾಳಿ ಮಾತ್ರ ಕಾಯಲಿಲ್ಲ. ಮಾರ್ಚಿ 28ರಂದು ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ಸಾಂಟಾ ಕಟರೀನಾ ರಾಜ್ಯದ ದಕ್ಷಿಣ ಕರಾವಳಿಗೆ ಬಂದು ಬಡಿಯಿತು. ಸುಮಾರು 1,500 ಮನೆ ನೆಲಸಮವಾದವು. 40,000ದಷ್ಟು ಮನೆಗಳಿಗೆ ಪೆಟ್ಟು ಬಿತ್ತು. ಗಾಳಿಗೆ ಸಿಕ್ಕ ಭಾಗದಲ್ಲಿ ಬಾಳೆ 100ಕ್ಕೆ 85 ಪಾಲು, ಭತ್ತ 40 ಪಾಲು ಹಾಳಾಯಿತು ಅಂತ ಲೆಕ್ಕ ಹಾಕಿದರು. ಗೊನೆ ಹೊತ್ತ ಬಾಳೆ ಒಂದು ರಾತ್ರಿಯಲ್ಲಿ ನೆಲಕ್ಕೊರಗಿದರೆ ಆ ಮನೆಯ ಪಾಡೇನು ಅನ್ನೋದನ್ನ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಸತ್ತವರು ಬೆರಳೆಣಿಕೆಯಷ್ಟು ಮಂದಿ. ತಜ್ಞರ ಜಗ್ಗಾಟ ಮುಗಿಯುವ ಮೊದಲೇ ಎಚ್ಚರಿಕೆ ಹೊರಟಿತ್ತು. ಜನ ಜಾಗ ಬಿಟ್ಟು ಸರಿದಿದ್ದರು. ಆಮೇಲೆ ಆ ರಾಜ್ಯದ ಹೆಸರಿನಿಂದಲೇ ಅದನ್ನು 'ಕಟರೀನಾ' ಎಂದು ಕರೆದರು.

ಇದೊಂದೇ ಅಲ್ಲ. ಅದಕ್ಕೆ ಎರಡು ವರ್ಷಕ್ಕೂ ಹೆಚ್ಚು ಮೊದಲು, 2001ರ ಡಿಸೆಂಬರಿನಲ್ಲಿ, ಸಿಂಗಪುರದ ಬಳಿಯ ಕಡಲಿನಲ್ಲಿ 'ವಾಮೇ' ಎಂಬ ಚಂಡಮಾರುತ ಎದ್ದಿತ್ತು. ಆ ಜಾಗ ಭೂಮಧ್ಯರೇಖೆಗೆ ಒಂದೂವರೆ ಡಿಗ್ರಿಯಷ್ಟೇ ದೂರ. ಭೂಮಿಯ ಸುತ್ತು ಸಿಗದ ಆ ಜಾಗದಲ್ಲಿ, ಉತ್ತರದಿಂದ ನುಗ್ಗಿದ ಚಳಿಗಾಳಿ ಬೋರ್ನಿಯೋ ದ್ವೀಪದ ಹತ್ತಿರದ ಸುಳಿಗೆ ಸೇರಿ ಬೇಕಾದ ಸುತ್ತನ್ನು ಕೊಟ್ಟಿತು. ಒಂದು ಬಾಗಿಲು ಮುಚ್ಚಿದ್ದರೆ ಪ್ರಕೃತಿ ಇನ್ನೊಂದು ಬಾಗಿಲಿನಿಂದ ಬಂದೀತು.

ನಮ್ಮ ಕರಾವಳಿಗೆ ಇದರಿಂದ ಏನು ಪಾಠ? ಅರಬ್ಬಿ ಸಮುದ್ರದಲ್ಲಿ ಬಂಗಾಳಕೊಲ್ಲಿಗಿಂತ ಚಂಡಮಾರುತ ಕಡಿಮೆ, ನಿಜ. ಆದರೂ 2019ನೇ ಒಂದೇ ವರ್ಷದಲ್ಲಿ ಅಲ್ಲಿ ಐದು ಎದ್ದವು. 2021ರ ಮೇ ತಿಂಗಳಲ್ಲಿ 'ತೌಕ್ತೆ' ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋಯಿತು. ಅಪರೂಪ ಅಂದರೆ ಇಲ್ಲ ಅಂತ ಅರ್ಥವಲ್ಲ.

ಆದ್ದರಿಂದ ಎಚ್ಚರಿಕೆ ಬಂದಾಗ, "ಹಿಂದೆ ಬಂದಿತ್ತೇ?" ಅಂತ ಕೇಳುತ್ತ ಕೂರಬೇಡಿ. ಬಲಿತ ಪೈರನ್ನು ಕೊಯ್ದು ಒಳಗೆ ಸೇರಿಸಿ. ಗೊನೆ ಬಿಟ್ಟ ಬಾಳೆಗೆ ಕವೆಗೋಲು ಕೊಡಿ. ಗದ್ದೆಯ ನೀರು ಹೋಗಲು ದಾರಿ ಬಿಡಿಸಿ. ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ. ಇನ್ನೊಂದು ಮಾತು ನೆನಪಿರಲಿ: ಗಾಳಿ ಜೋರಾಗಿ ಬೀಸಿ ತಟ್ಟನೆ ನಿಂತರೆ ಮುಗಿಯಿತೆಂದು ಹೊರಗೆ ಬರಬೇಡಿ. ಅದು ಚಂಡಮಾರುತದ ಕಣ್ಣು ಇರಬಹುದು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಬಲದ ಗಾಳಿ ಬಂದೀತು.

ಹಿರಿಯರ ಅನುಭವ ದೊಡ್ಡದು, ಅದನ್ನು ಬಿಡೋದು ಬೇಡ. ಅದರ ಜೊತೆಗೆ ಈ ದಿನದ ಹವಾಮಾನ ವರ್ತಮಾನವನ್ನೂ ಕೇಳೋಣ.